ಎಲ್ಲ ಶಿವಣ್ಣಂದಿರಿಗೂ ಒಂದೇ ಕೀ

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನ ಪ್ರೋಗ್ರಾಮರ್, ಎಕ್ಸ್‌ಎಂಎಲ್ ಕಡತದಲ್ಲಿದ್ದ ಕಾರ್ಮಿಕರ ವಿವರಗಳನ್ನು ಸ್ಟೈಲ್‌ಶೀಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದು ಗುರುತಿನ ಚೀಟಿಗಳಾಗಿ ಮಾರ್ಪಡಿಸುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, "ಕೀ ಕೊಟ್ರೆ ನೆಟ್ಟಗೆ ಆಳ್ ಹತ್ರಕ್ಕೇ ಹೋಯ್ತದೆ, ಫೈಲೆಲ್ಲ ತಡಕ್ಬೇಕಾಗಿಲ್ಲ" ಎನ್ನುವುದು ಅವರ ವಾಡಿಕೆ.

ಆಳನ್ನು ಹುಡುಕುವ ಈ ಕೀ ಸಾಮಾನ್ಯವಾಗಿ ಕಾರ್ಮಿಕರ ನಂಬರ್; ಹೊಸಬರಿಗೆ ಇನ್ನೂ ನಂಬರ್ ಇಲ್ಲದ್ದರಿಂದ ಒಮ್ಮೆ ಹೆಸರನ್ನೇ ಕೀ ಮಾಡಿದರು. ಅಚ್ಚಾದ ಚೀಟಿಗಳಲ್ಲಿ ಎಲ್ಲ ಶಿವಣ್ಣಂದಿರಿಗೂ ಮೊದಲನೆಯ ಶಿವಣ್ಣನ ರಕ್ತದ ಗುಂಪೇ ಬಂದಿತ್ತು. ಯಂತ್ರಕ್ಕೆ ಕೈ ಸಿಕ್ಕವನ ಜೀವ ಈ ಚೀಟಿಯ ಮೇಲೆ ನಿಂತೀತೆಂದು ನಾನು ಎಚ್ಚರಿಸಿದೆ.

"ಮನುಷ್ಯರೆಲ್ಲ ಒಂದೇ ಅಂತ ದಿನಾ ಭಾಷಣ ಬುಡ್ತೀರಲ್ಲ ಸಾ, ಕಂಪ್ಯೂಟರ್ ನಂಬ್ಬುಟ್ಟೈತೆ" ಎಂದು ನಕ್ಕರು.

ಚೀಟಿಗಳನ್ನೆಲ್ಲ ಹರಿದು, ಹೆಸರಿನೊಡನೆ ಊರನ್ನೂ ಸೇರಿಸಿ ಕೀ ತಿದ್ದಿ, ಹೊಸ ಚೀಟಿಗಳನ್ನು ಅಚ್ಚು ಹಾಕಿದರು. ಊಟದ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ನಿಂತು, "ತಿಪ್ಪಸಂದ್ರದ ಶಿವಣ್ಣ, ವಿರೂಪಾಕ್ಷಿಪುರದ ಶಿವಣ್ಣ" ಎಂದು ಒಬ್ಬೊಬ್ಬರನ್ನೇ ಕರೆದು, ರಕ್ತದ ಗುಂಪನ್ನು ಅವರ ಬಾಯಿಂದಲೇ ಕೇಳಿ ತಾಳೆ ನೋಡಿ, ಚೀಟಿಯನ್ನು ತಾವೇ ಕೊರಳಿಗೆ ಹಾಕಿದರು.