ಮಾಸು ದಾಟುವ ಚಿಂತೆ

ಬಸುರಿಯ ಕಿವಿಗೆ ಕೆಟ್ಟ ಸುದ್ದಿ ಬೀಳಬಾರದು ಎಂಬುದನ್ನು ಸಂತೇಬೆನ್ನೂರಿನ ಸುಂಕಲಮ್ಮನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದು. ಜಗಳೂರಿನ ಬೀಗರಾದ ಮುರುಗೇಶಪ್ಪನವರನ್ನು ಎದೆನೋವೆಂದು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನು ಬಂದಾಗ, ಅವರ ಮಗಳು, ಏಳು ತಿಂಗಳ ಬಸುರಿ ಸೊಸೆ ರಕ್ಷಾಗೆ ತಿಳಿಸಬಾರದೆಂದು ಎಲ್ಲರೂ ಒಪ್ಪಿದರು. ಆದರೆ ಯಾವ ಸುಳ್ಳು ಹೇಳಬೇಕೆಂದು ಯಾರೂ ಮಾತಾಡಿಕೊಳ್ಳಲಿಲ್ಲ. ಅಪ್ಪ ಯಾಕೆ ಫೋನು ಎತ್ತುತ್ತಿಲ್ಲವೆಂದು ರಕ್ಷಾ ಕೇಳಿದರೆ, ಅವಳ ತಾಯಿ ಮದುವೆಗೆ ಹೋಗಿದ್ದಾರೆಂದರು. ಗಂಡ ಪರಮೇಶ್, ಮಾವನಿಗೆ ಗಂಟಲು ಕಟ್ಟಿದೆಯೆಂದ.

ರಕ್ಷಾ ಮತ್ತೆ ಕೇಳಲಿಲ್ಲ. ಅಂಗಳದಲ್ಲಿ ಅಡಿಕೆ ಸುಲಿಯುವ ಹೆಂಗಸರು ಅವಳು ಬಂದೊಡನೆ ಬಾಯಿ ಮುಚ್ಚುತ್ತಿದ್ದರು. ಅವಳ ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯುತ್ತಿತ್ತು. ಸುಂಕಲಮ್ಮ ಕೈಕೆಲಸ ಬಿಡದೆಯೇ ಎಲ್ಲ ಗಮನಿಸುತ್ತಿದ್ದಳು.

ಸೊಸೆಯನ್ನು ತಪಾಸಣೆಗೆ ಕರೆದೊಯ್ದಾಗ ಅವಳ ಬಿಪಿ ಏರಿತ್ತು. ಡಾಕ್ಟರು ಮಾತ್ರೆ ಬರೆದು, ವಾರ ಬಿಟ್ಟು ಬರಲು ಹೇಳಿದರು. ರಕ್ಷಾ ಮಾತ್ರೆ ತರಲು ಹೋದಾಗ ನರ್ಸ್ ಮೇಘಶ್ರೀ, ಹುಡುಗಿಗೆ ಏನಾದರೂ ಯೋಚನೆಯೇ ಎಂದು ವಿಚಾರಿಸಿದಳು. ಸುಂಕಲಮ್ಮ ತಿರುಗಿ ಕೇಳಿದಳು:

"ತಾಯಿ ಚಿಂತೆ ಒಳಗಿರೋ ಕೂಸಿಗೆ ಹೆಂಗೆ ಗೊತ್ತಾಗ್ತೈತವ್ವಾ? ಅದಕ್ಕೇನು ಕಿವಿ ಐತಾ?"

"ಕಿವಿನೂ ಐತೆ ಅಜ್ಜಿ. ಆದ್ರೆ ಚಿಂತೆ ಹೋಗೋದು ರಕ್ತದಾಗೆ."

ಹೆದರಿದಾಗ ತಾಯಿಯ ರಕ್ತಕ್ಕೆ ಕಾರ್ಟಿಸಾಲ್ ಎಂಬ ಹಾರ್ಮೋನು ಸೇರುತ್ತದಂತೆ. ಹೊಕ್ಕುಳಬಳ್ಳಿಯ ಬುಡದಲ್ಲಿರುವ ಮಾಸು ಅದರ ಬಹುಪಾಲನ್ನು ನಿಷ್ಕ್ರಿಯಗೊಳಿಸಿ, ಸ್ವಲ್ಪವನ್ನಷ್ಟೇ ಕೂಸಿನತ್ತ ಬಿಡುತ್ತದಂತೆ. ಆ ಸ್ವಲ್ಪ ಬೇಕೇ ಬೇಕು; ದಿನ ತುಂಬುವ ಹೊತ್ತಿಗೆ ಶ್ವಾಸಕೋಶ ಬಲಿಯಲು ನೆರವಾಗುವುದು ಅದೇ. ಬಹುಕಾಲ ಕೊರಗಿದರೆ ಮಾತ್ರ ಹೆಚ್ಚು ದಾಟಿ, ಮಿದುಳು, ಮೂತ್ರಪಿಂಡಗಳು ಬೆಳೆಯುವ ರೀತಿ ಬದಲಾಗಬಹುದು. ಎಷ್ಟು ಬದಲಾಗುತ್ತದೆಂದು ಓದಿದವರೂ ಇನ್ನೂ ಹುಡುಕುತ್ತಿದ್ದಾರಂತೆ.

"ಮತ್ತೆ ಒಂದು ದಿನ ಅತ್ರೆ?"

"ಅಷ್ಟಕ್ಕೆ ಏನೂ ಆಗಲ್ಲ ಅಜ್ಜಿ."

ಸುಂಕಲಮ್ಮನಿಗೆ ಬೆರಗು. ತನ್ನ ಮೂರು ಹೆರಿಗೆಯಲ್ಲೂ ಮಾಸನ್ನು ಬಚ್ಚಲ ಹಿಂದೆ ಹೂತು ಮರೆತಿದ್ದಳು. ಅಷ್ಟು ತಿಂಗಳು ಬಾಗಿಲು ಕಾದದ್ದು ಅದೇ ಏನು!

ಬಸ್ ನಿಲ್ದಾಣದಲ್ಲಿ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನಿಮ್ಮಪ್ಪಾರಿಗೆ ಎದೆನೋವು ಬಂದಿತ್ತವ್ವಾ. ಸ್ಟೆಂಟ್ ಹಾಕ್ಯಾರೆ. ಈಗ ಎದ್ದು ಕೂತು ಗಂಜಿ ಕುಡಿತಾರೆ."

ರಕ್ಷಾ ಅತ್ತೆಯ ಕೈ ಹಿಡಿದುಕೊಂಡಳು. "ಸತ್ತೇ ಹೋಗ್ಯಾರೆ, ನೀವೆಲ್ಲ ಮುಚ್ಚಿಡಾಕೆ ಹತ್ತೀರಿ ಅಂದ್ಕಂಡಿದ್ದೆ ಅತ್ತೆ," ಎಂದವಳು ಸೆರಗಿಗೆ ಮುಖವೊತ್ತಿ ಅತ್ತಳು. ಸುಂಕಲಮ್ಮ ತಡೆಯಲಿಲ್ಲ. ಬೆನ್ನು ಸವರುತ್ತ, ಇಷ್ಟು ದಿನಗಳಲ್ಲಿ ಕೂಸಿಗೆ ಎಷ್ಟು ದಾಟಿರಬಹುದೆಂದು ಲೆಕ್ಕ ಸಿಗದೆ ಕೂತಳು.

ಬೀಗಿತ್ತಿಗೆ ಫೋನು ಮಾಡಿ, ಅಪ್ಪನ ಕೈಗೆ ಕೊಡಿಸಿ, ಸೊಸೆಯ ಕಿವಿಗೆ ಹಿಡಿದಳು. ಮುರುಗೇಶಪ್ಪನವರ ದನಿ ಸಣ್ಣದಾಗಿತ್ತು. "ನಿಮ್ಮವ್ವ ನನ್ನನ್ನ ಮದುವೆಗೆ ಕಳಿಸ್ಯಾಳಂತಲ್ಲ? ಊಟ ಮಾತ್ರ ಸಪ್ಪಗೈತೆ ನೋಡವ್ವಾ."

ಅಳುತ್ತಿದ್ದವಳು ನಕ್ಕುಬಿಟ್ಟಳು. ಫೋನು ಇಟ್ಟು, ಹಸಿವಾಗುತ್ತಿದೆ ಎಂದಳು.

ಬಾಳೆಹಣ್ಣು ಸುಲಿದುಕೊಡುತ್ತ ಸುಂಕಲಮ್ಮ ಸೊಸೆಯ ಹೊಟ್ಟೆಯ ಕಡೆ ನೋಡಿದಳು. ನಕ್ಕಾಗಲೂ ಏನಾದರೂ ದಾಟುತ್ತದೆಯೇ? ಅದನ್ನೂ ಮಾಸು ತಡೆದು ತಡೆದೇ ಬಿಡುತ್ತದೆಯೇ? ಬರುವ ವಾರ ಮೇಘಶ್ರೀಯನ್ನು ಕೇಳಬೇಕು.