ಮೂರು ಯಂತ್ರ, ಒಂದು ಬೆರಳು

ನಮ್ಮ ಮಾಸ್ತರರ ತೋರುಬೆರಳಿನ ತುದಿ ಕೂಸಿನ ಕಿವಿಯ ಹಾಲೆಯಷ್ಟು ಮೆತ್ತಗಿತ್ತು. ಉಳಿದ ಕೈಯೆಲ್ಲ ಒರಟು. ಹುಟ್ಟಿನಿಂದ ಕಣ್ಣಿಲ್ಲದಿದ್ದರೂ ಬಾವಿಯ ನೀರು ಸೇದಿ, ಕುರ್ಚಿಗೆ ಬೆತ್ತ ಹೆಣೆದು ಬೆಳೆದ ಕೈ ಅದು. ತೋರುಬೆರಳುಗಳನ್ನು ಮಾತ್ರ ಜೋಪಾನವಾಗಿ ಸಾಕಿಕೊಂಡಿದ್ದರು, ಏಕೆಂದರೆ ಓದುತ್ತಿದ್ದದ್ದು ಅವುಗಳಿಂದ. ಚಹಾ ಕುಡಿಯುವಾಗಲೂ ಆ ಬೆರಳುಗಳು ಬಿಸಿ ಲೋಟಕ್ಕೆ ತಾಗದಂತೆ ಮೇಲಕ್ಕೆತ್ತಿಕೊಂಡಿರುತ್ತಾರೆಂದು ಕಾಕೂ, ಅಂದರೆ ಅವರ ಹೆಂಡತಿ, ನನಗೆ ಹೇಳಿ ನಗುತ್ತಿದ್ದರು.

ನನಗೂ ಕಣ್ಣಿಲ್ಲ. ಯಾದಗಿರಿ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದವರು ನಾವು. ಅಲ್ಲಿನ ಕೊಂಢವಾದಲ್ಲಿ ಮಾಸ್ತರರ ಮನೆಯ ಹಿಂದಿನ ಬಿಲ್ಡಿಂಗ್ ಕಟ್ಟುವಾಗ ಅಪ್ಪ ನನ್ನನ್ನು ಅವರ ಬಾಗಿಲಿಗೆ ಕರೆದೊಯ್ದ. ಮಾಸ್ತರರು ನನ್ನ ಹೆಸರನ್ನೂ ಕೇಳದೆ ಕೈ ಹಿಡಿದು ಬೆರಳಿನ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು. "ಓದೂ ಬೆರಳ ಅದಾವ. ನಾಳಿಂದ ಕಳಸ್ರಿ" ಎಂದರು. ಅವರು ಜಮಖಂಡಿ ಕಡೆಯವರು, ಇಲ್ಲಿನ ಅಂಧ ಮಕ್ಕಳಿಗೆ ಬ್ರೈಲ್ ಕಲಿಸುತ್ತಿದ್ದರು. ಬ್ರೈಲಿನಲ್ಲಿ ಕನ್ನಡದ ಕ, ಮರಾಠಿಯ ಕ, ಹಿಂದಿಯ ಕ ಮೂರಕ್ಕೂ ಅವೇ ಚುಕ್ಕಿ. ಹಾಗಾಗಿ ಕನ್ನಡ ಕಲಿತ ನನ್ನ ಬೆರಳು ಮರಾಠಿ ಪುಸ್ತಕವನ್ನೂ ಕೂಡಿಸಿ ಓದಿಬಿಟ್ಟಿತು. ಈ ಸವಲತ್ತಿಲ್ಲದ ಕಣ್ಣಿದ್ದವರ ಬಗ್ಗೆ ಮಾಸ್ತರರಿಗೆ ಭಾರೀ ಮರುಕ.

ಓದು ಮುಗಿದು ನನಗೊಂದು ಜ್ಯೂನಿಯರ್ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸ ಸಿಕ್ಕಿತು. ಜೂನ್‌ನಲ್ಲಿ ತರಗತಿ ಶುರು. ಪಾಠ ಹೇಳುವಾಗ ಟಿಪ್ಪಣಿ ನೋಡುವುದು ಹೇಗೆ? ಕಿವಿಯಲ್ಲಿ ಫೋನು ಓದುತ್ತಿದ್ದರೆ ಬಾಯಿ ತಡವರಿಸುತ್ತದೆ. ಅದಕ್ಕೆ ಬ್ರೈಲ್ ಟಿಪ್ಪಣಿ ಯಂತ್ರ ಬೇಕಿತ್ತು. ಅದರ ಕೀಲಿಗಳನ್ನು ಒತ್ತಿ ಬರೆದರೆ, ಅಂಚಿನ ಪಟ್ಟಿಯಲ್ಲಿ ಸಣ್ಣ ಮೊಳೆಗಳು ಏಳುತ್ತ ಇಳಿಯುತ್ತ ಚುಕ್ಕಿಗಳ ಸಾಲು ಮೂಡಿಸುತ್ತವೆ. ಒಂದು ಟ್ರಸ್ಟಿನವರು ನನಗೆ ಒಂದನ್ನು ಕೊಡಲು ಒಪ್ಪಿ, ಯಾವುದು ಚಲೋ ಎಂದು ಹೇಳಲಿಕ್ಕೆ ಮೂರು ಯಂತ್ರಗಳನ್ನು ಮಾಸ್ತರರ ಮನೆಗೆ ಕಳಿಸಿದರು. ಹೊಸ ಯಂತ್ರ ಬಂದಾಗಲೆಲ್ಲ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುತ್ತಿದ್ದದ್ದು ಮಾಸ್ತರರಿಂದಲೇ, ಇಂಥ ವಿಷಯದಲ್ಲಿ ಅವರ ಬೆರಳು ಹೇಳಿದ್ದೇ ಕೊನೆ.

ಮಾಸ್ತರರಿಗೆ ಹಬ್ಬವೋ ಹಬ್ಬ. ದೊಡ್ಡದಕ್ಕೆ ಎಮ್ಮೆ ಎಂದು ಹೆಸರಿಟ್ಟರು, ಚಿಕ್ಕದಕ್ಕೆ ಗುಬ್ಬಿ. ಈಚೆಗೆ ಪೇಟೆಗೆ ಬಂದ ಮೂರನೆಯದು ಹೊಸ ಸೊಸೆ. ಪರೀಕ್ಷೆಗೆ ಅವರದೇ ಒಂದು ಪಟ್ಟಿಯಿತ್ತು. ಕಾಕೂ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಇವರು ಹೊರಗೆ ಕೂತು ಬರೆಯುವರು. ರೊಟ್ಟಿಯ ಸಪ್ಪಳವನ್ನೂ ಮೀರಿ ಕೀಲಿಯ ಸಪ್ಪಳ ಕೇಳಿದರೆ ಆ ಯಂತ್ರ ತರಗತಿಗೆ ಬೇಡ. ಸ್ವಾರಗೇಟ್ ಬಸ್ ನಿಲ್ದಾಣದಿಂದ ಮನೆಯವರೆಗೆ ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಓದುತ್ತ ಬರುವರು. ಕುಲುಕಾಟದಲ್ಲಿ ಸಾಲು ತಪ್ಪಿದರೆ ಅಂಕ ಕಡಿತ. ಬ್ಯಾಟರಿ ಸಾಯುವವರೆಗೂ ಬಿಡದೆ ಬರೆದು, ಮತ್ತೆ ಜೀವ ಬಂದಾಗ ಕೊನೆಯ ವಾಕ್ಯ ನೆನಪಿದೆಯೋ ನೋಡುವರು. ಶೇಂಗಾ ಚಟ್ನಿ ತಿಂದ ಕೈಯಲ್ಲೂ ಒಮ್ಮೆ ಮುಟ್ಟಬೇಕೆಂದಿದ್ದರು. ಕಾಕೂ ಗದರಿಸಿದ್ದಕ್ಕೆ ಅದೊಂದು ತಪ್ಪಿತು.

ಎಮ್ಮೆ ಒಂದು ಸಾಲಿಗೆ ನಲವತ್ತು ಅಕ್ಷರ ತೋರಿಸುತ್ತಿತ್ತು, ಆದರೆ ಮೇಜು ಬೇಕೇಬೇಕು. ಗುಬ್ಬಿ ಬ್ಯಾಟರಿ ಸತ್ತಾಗ ಎರಡು ವಾಕ್ಯ ನುಂಗಿತು. ಹೊಸ ಸೊಸೆ ಹಗುರ, ಸಪ್ಪಳವಿಲ್ಲ, ಒಂದಕ್ಷರವನ್ನೂ ಮರೆಯಲಿಲ್ಲ. ಕೊರಳಿಗೆ ಹಾಕಿಕೊಂಡು ನಿಂತೇ ಓದಬಹುದಿತ್ತು. ನನಗೆ ಬೇಕಾದದ್ದೂ ಅದೇ, ಹುಡುಗರ ಮುಂದೆ ನಿಂತು ಪಾಠ ಮಾಡುವುದು. ಆದರೆ ಮಾಸ್ತರರು ಅದರ ಮೇಲೆ ಬೆರಳಾಡಿಸಿ ತಲೆ ಕೊಡವಿದರು. "ಚುಕ್ಕಿ ಸಪ್ಪಗ ಅದಾವ ತಂಗಿ. ಎರಡ ವರ್ಷದಾಗ ಪೂರಾ ಕೂತ್ಬಿಡ್ತಾವ." ಹೊಸ ಸೊಸೆ ಬೇಡ, ಎಮ್ಮೆ ಕೊಡಿ ಎಂದು ಟ್ರಸ್ಟಿಗೆ ಪತ್ರವೂ ಹೋಯಿತು.

ನನಗೋ ಆ ಚುಕ್ಕಿಗಳು ಜೋಳದ ಕಾಳಿನಷ್ಟು ಸ್ಪಷ್ಟ. ಆದರೂ ಬಾಯಿ ಬಿಡಲಿಲ್ಲ. ನನ್ನ ಬೆರಳಿಗೆ ಅಕ್ಷರ ಕೊಟ್ಟವರಿಗೆ ನಿಮ್ಮ ಬೆರಳು ತಪ್ಪು ಎನ್ನುವುದು ಹೇಗೆ? ಮರುದಿನ ಅವರು ಎಮ್ಮೆಯ ಚುಕ್ಕಿಯೂ ಸಪ್ಪಗಾಗಿದೆ ಎಂದರು, ಸಂಜೆ ಗುಬ್ಬಿಯದೂ. ಮೂರೂ ಯಂತ್ರ ಒಂದೇ ವಾರದಲ್ಲಿ ಕೆಡುವುದುಂಟೆ? ನನ್ನ ತಲೆಗೆ ಹುಳ ಹೊಕ್ಕಿತು.

ಯಂತ್ರಗಳು ವಾಪಸ್ಸು ಹೋಗಲು ಎರಡೇ ದಿನವಿತ್ತು. ಮಾಸ್ತರರು ಎಲ್ಲ ಮಕ್ಕಳಿಗೂ ಮೊದಲು ಓದಿಸುವ, ತಾವೇ ಬರೆದ ಒಂದು ಪಾಠವಿತ್ತು. ಬಾರಾಮತಿಯಿಂದ ಬೆಲ್ಲ ತರುವ ಅಜ್ಜಿಯ ಕಥೆ, ಅವರಿಗೆ ಬಾಯಿಪಾಠ. ನಾನು ದಪ್ಪ ಕಾಗದದ ಮೇಲೆ, ಚುಕ್ಕಿ ಒತ್ತಿ ಒತ್ತಿ, ಅದನ್ನೇ ಬರೆದೆ. ಬೆಲ್ಲ ಇದ್ದಲ್ಲಿ ಮಾತ್ರ ಉಪ್ಪು ಎಂದು ಬರೆದೆ. ಹೊಸ ಮಗುವಿಗೆ ಕೊಡಬೇಕು, ತಪ್ಪಿದ್ದರೆ ನೋಡಿಕೊಡಿ ಎಂದು ಸುಳ್ಳು ಹೇಳಿ ಅವರ ಕೈಗಿಟ್ಟೆ. ಅವರು ಬೆರಳಾಡಿಸುತ್ತ ಖುಷಿಯಿಂದ ಗಟ್ಟಿಯಾಗಿ ಓದಿದರು. "ಅಜ್ಜಿ ಬಾರಾಮತಿಯಿಂದ ಬೆಲ್ಲ ತಂದಳು." ಹಾಳಾಗಿ ಹೋಗಲಿ ಈ ಯಂತ್ರ ಅನ್ನಿಸಿತು.

"ಮಾಸ್ತರ, ಅಲ್ಲೆ ನಾ ಉಪ್ಪು ಅಂತ ಬರದೀನ್ರಿ."

ಕಾಗದದ ಮೇಲೆ ಬೆರಳು ಹಿಂದೆ ಮುಂದೆ ಸರಿಯುವ ಸದ್ದು ಕೇಳಿಸಿತು. ಬಲಗೈ ಆಯಿತು, ಎಡಗೈ ಆಯಿತು. ಅವರು ಸಿಟ್ಟಾಗುತ್ತಾರೆಂದು ನಾನು ಕಾದೆ.

"ಹಂಗಾದ್ರ ಯಂತ್ರದ್ದ ತಪ್ಪಿಲ್ಲ" ಎಂದರು ಕೊನೆಗೆ. "ಮೊದಲ ಆ ಪತ್ರ ತಿದ್ದೂಣು, ಬಾ."

ಅವರು ಹೇಳಿದರು, ನಾನು ಹೊಸ ಸೊಸೆಯಲ್ಲೇ ಬರೆದುಕೊಂಡೆ. ಯಂತ್ರದ ಚುಕ್ಕಿಗಳು ಉತ್ತಮವಾಗಿವೆ, ದೋಷ ಪರೀಕ್ಷೆ ಮಾಡಿದವನ ಬೆರಳಿನಲ್ಲಿದೆ, ಮೊದಲಿನ ಪತ್ರ ರದ್ದು. ಕಾಕೂಗೆ ಅಳು ಬಂತು. ಈ ಪತ್ರ ಹೋದರೆ ಇವರನ್ನು ಇನ್ನು ಯಾರೂ ಯಂತ್ರ ನೋಡಲು ಕರೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮತ್ತೊಮ್ಮೆ ನೋಡಿದಾಗ ಚಲೋ ಅನ್ನಿಸಿತು ಎಂದಷ್ಟೇ ಬರೆಯಿರಿ ಎಂದು ಬೇಡಿಕೊಂಡರು. ಮಾಸ್ತರರು ಕೇಳಲಿಲ್ಲ. "ಹಂಗ ಬರದ್ರ ಯಂತ್ರದ ಮ್ಯಾಲಿನ ಸಂಶೇ ಉಳೀತದ. ಆ ಸಂಶೇದಾಗ ಈಕಿಗೆ ಬರೂ ಯಂತ್ರ ತಪ್ಪಿಹೋಗ್ತದ" ಎಂದರು.

ಸಕ್ಕರೆ ಕಾಯಿಲೆ ಬೆರಳಿನ ನರಗಳನ್ನು ತಿಂದಿದೆಯೆಂದು ಆಮೇಲೆ ಡಾಕ್ಟರು ಹೇಳಿದರು. ಜೂನ್‌ನಲ್ಲಿ ನಾನು ಹೊಸ ಸೊಸೆಯನ್ನು ಕೊರಳಿಗೆ ಹಾಕಿಕೊಂಡು, ನಿಂತು, ಮೊದಲ ಪಾಠ ಮಾಡಿದೆ. ಕಾಕೂ ಹೆದರಿದಂತೆ ಟ್ರಸ್ಟಿನವರು ಮಾಸ್ತರರನ್ನು ಕರೆಯುವುದು ನಿಂತಿತು. ಅವರ ಬದಲು ನನ್ನನ್ನು ಕರೆಯತೊಡಗಿದರು. ಅವರ ಅನ್ನಕ್ಕೆ ಕೈ ಹಾಕಿದಂತಾಗಿ, ಕೆಲವು ತಿಂಗಳು ಅವರ ಮನೆಗೆ ಹೋಗಲು ನನಗೆ ಮುಖವಿರಲಿಲ್ಲ.

ಕಾಕೂನೇ ಹೇಳಿಕಳಿಸಿದ ಮೇಲೆ ಹೋದೆ. ಮಾಸ್ತರರು ಹಾಸಿಗೆ ಹಿಡಿದಿದ್ದರು. ಅವತ್ತು ಸುಳ್ಳು ಹೇಳಿ ನಿಮ್ಮನ್ನು ಪರೀಕ್ಷೆ ಮಾಡಿದೆ, ತಪ್ಪಾಯಿತು ಎಂದು ಅತ್ತೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಉಪ್ಪು ಎಂದು ಬದಲಿಸುವ ಉಪಾಯ ಹೇಗೆ ಹೊಳೆಯಿತು, ಬೇರೆ ಯಾವ ಶಬ್ದಗಳನ್ನು ಯೋಚಿಸಿದ್ದೆ, ಕಾಗದವನ್ನೇ ಏಕೆ ಕೊಟ್ಟೆ, ಎಲ್ಲ ಕೆದಕಿ ಕೆದಕಿ ಕೇಳಿದರು.

"ಪರೀಕ್ಷಾ ಭಾಳ ಚಲೋ ಇಟ್ಟಿದ್ದಿ ತಂಗಿ. ಇಷ್ಟ ವರ್ಷ ಯಂತ್ರ ನೋಡೀನಿ, ಇದೊಂದು ನನಗ ಹೊಳೀಲಿಲ್ಲ. ಪಟ್ಟಿಯೊಳಗ ಇದನ್ನ ಎಲ್ಲಕ್ಕಿಂತ ಮೊದಲ ಹಾಕು."

ಆ ಚಳಿಗಾಲದಲ್ಲೇ ಮಾಸ್ತರರು ತೀರಿಕೊಂಡರು. ಈಗ ಯಾವ ಯಂತ್ರ ಬಂದರೂ, ಪೆಟ್ಟಿಗೆ ಬಿಚ್ಚುವ ಮೊದಲು, ನನಗೆ ಗೊತ್ತಿಲ್ಲದ ಒಂದು ಸಾಲನ್ನು ಕಾಗದದ ಮೇಲೆ ಬರೆದುಕೊಡಲು ನನ್ನ ಹತ್ತಿರ ಬ್ರೈಲ್ ಕಲಿಯುವ ವಿದ್ಯಾರ್ಥಿನಿಗೆ ಹೇಳುತ್ತೇನೆ. ಗಟ್ಟಿಯಾಗಿ ಓದುತ್ತೇನೆ. ಸರಿಯಾಗಿದೆ ಎಂದು ಆಕೆ ಹೇಳುವವರೆಗೆ ಪೆಟ್ಟಿಗೆಗೆ ಕೈ ಹಾಕುವುದಿಲ್ಲ.