ಪರೀಕ್ಷೆಗೊಂದು ತಲೆ

ಇದು ಆಗದ ಮಾತು ಅಂತ ಮೊದಲು ಹೇಳಿದವನು ನನ್ನ ಸೋದರಮಾವ. ಕಲಾಸಿಪಾಳ್ಯದಲ್ಲಿ ತರಕಾರಿ ಮೂಟೆ ಹೊತ್ತು ನನ್ನನ್ನು ಓದಿಸಿದವನೇ ಅವನು. ಚಾಮರಾಜಪೇಟೆಯ ನಮ್ಮ ಓಣಿಯಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲ ಜೀವ ನಾನು. ಮೆದುಳಿನ ಸಂಶೋಧನೆಯ ಕೋರ್ಸಿಗೆ ಸೇರುತ್ತೇನೆ ಎಂದಾಗ ಅವನು ಬೀಡಿ ಆರಿಸಿ ಕೇಳಿದ:

"ಅದ್ರಲ್ಲಿ ಏನ್ ಮಾಡ್ಬೇಕು?"

"ತಲೆಗೆ ತಂತಿ ಅಂಟಿಸ್ಬೇಕು ಮಾವ. ಒಳಗೆ ಮೆದುಳು ಏನ್ ಮಾಡ್ತಿದೆ ಅಂತ ಕಾಗದದ ಮೇಲೆ ಬರುತ್ತೆ."

"ಯಾರ ತಲೆಗೆ?"

"ಬಂದೋರ ತಲೆಗೆ."

ನಕ್ಕುಬಿಟ್ಟ. "ಬಚ್ಚಲು ತೊಳೀತೀನಿ ಅನ್ನು, ಬಾಗ್ಲು ತೆಗೀತಾರೆ. ತಲೆ ಮುಟ್ಟೋಕೆ ಬಿಡ್ತಾರಾ? ಆಗಲ್ಲ ಬಿಡಮ್ಮಿ."

ಬಸವನಗುಡಿಯ ಹಳೇ ಬಂಗಲೆಯೊಂದರಲ್ಲಿ ಆ ಸಂಶೋಧನಾ ಕೇಂದ್ರವಿತ್ತು. ಆಗ ಎಂಬತ್ತರ ದಶಕದ ಆರಂಭ. ಮೆದುಳಿನ ಬಣ್ಣದ ಚಿತ್ರಗಳನ್ನು ನಾವು ವಿದೇಶಿ ಪತ್ರಿಕೆಗಳಲ್ಲಿ ಮಾತ್ರ ನೋಡಿದ್ದು. ನಮ್ಮ ಪಾಲಿಗಿದ್ದದ್ದು ಮೆದುಳಿನ ಅಲೆಗಳನ್ನು ಕಾಗದದ ಮೇಲೆ ಗೀಚುವ ಸಾಲು ಪೆನ್ನುಗಳ ಒಂದು ಯಂತ್ರ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಮತ್ತೆ ಕಿವಿಯಿಂದ ಕಿವಿಗೆ ಟೇಪು ಹಿಡಿದು ಅಳೆಯಬೇಕು. ಗುರುತು ಹಾಕಿ, ಚರ್ಮ ಉಜ್ಜಿ, ತಂತಿಯ ತುದಿಯ ಪುಟ್ಟ ಬೆಳ್ಳಿ ಬಟ್ಟಲುಗಳನ್ನು ಪೇಸ್ಟಿನಿಂದ ಅಂಟಿಸಬೇಕು. ಕಣ್ಣು ಮುಚ್ಚಿದರೆ ಹಿಂದಲೆಯಿಂದ ಒಂದೇ ಲಯದ ಅಲೆ ಬರುತ್ತದೆ, ತೆರೆದರೆ ಅಳಿಸಿಹೋಗುತ್ತದೆ. ನೋಡುವ ಕೆಲಸ ತಲೆಯ ಯಾವ ಭಾಗದ್ದು ಎಂದು ಮೆದುಳೇ ಹೀಗೆ ತೋರಿಸಿಕೊಡುತ್ತದೆ. ಮೊದಲ ಸಲ ಅದನ್ನು ಕಂಡಾಗ ನನ್ನ ಮೈ ಜುಮ್ಮೆಂದಿತು.

ಕಂಡದ್ದು ದೂರದಿಂದ. ವಿದ್ಯಾರ್ಥಿಗಳು ಜೋಡಿಯಾಗಿ ಒಬ್ಬರ ತಲೆಯ ಮೇಲೊಬ್ಬರು ಕಲಿಯುವುದು ಅಲ್ಲಿನ ಪದ್ಧತಿ. ನನ್ನ ಜೋಡಿ ಮಲ್ಲೇಶ್ವರದ ಹುಡುಗಿ. ಪ್ರತಿ ವಾರ ಅವಳದ್ದೊಂದು ನೆಪ.

"ಇವತ್ತು ಎಣ್ಣೆ ಸ್ನಾನ ಕಣೇ, ಅಂಟಲ್ಲ." "ಇವತ್ತು ತಲೆನೋವು." "ಇವತ್ತು ಮನೇಲಿ ಪೂಜೆ, ಮೈಲಿಗೆ ಆಗುತ್ತೆ." ಕೊನೆಯದ್ದನ್ನು ಹೇಳುವಾಗ ಅವಳಿಗೆ ಸಂಕೋಚವೂ ಇರಲಿಲ್ಲ. ನನ್ನ ತಲೆಯನ್ನು ಮುಟ್ಟುವವರೂ ಇರಲಿಲ್ಲ. ನಾನು ಕುಂಬಳಕಾಯಿಯ ಮೇಲೆ ಅಳತೆ ಕಲಿತೆ.

ಮೇಷ್ಟರಿಗೆ ದೂರು ಕೊಟ್ಟೆ. "ಬಲವಂತ ಮಾಡಕ್ಕಾಗುತ್ತೇನಮ್ಮಾ? ಪರೀಕ್ಷೆಗೆ ನಿನ್ನ ತಲೆ ನೀನೇ ತಗೊಂಡ್ ಬಾ. ತಲೆ ಇಲ್ಲ, ಪಾಸೂ ಇಲ್ಲ," ಎಂದರು. ತರಗತಿ ನಕ್ಕಿತು.

ಮಾವನನ್ನು ಕೇಳಿದೆ. ಒಂದು ದಿನದ ಕೂಲಿ ಬಿಟ್ಟು ಬರಲು ಒಪ್ಪಿದ. ತಲೆ ತೊಳೆದುಕೊಂಡು ಬಾ ಎಂದಷ್ಟೇ ಹೇಳಿದ್ದೆ. ಪರೀಕ್ಷೆಯ ದಿನ ಒಗೆದ ಪಂಚೆಯುಟ್ಟು, ತಲೆತುಂಬ ಹರಳೆಣ್ಣೆ ಮೆತ್ತಿ, ಬೈತಲೆ ತೆಗೆದು ಬಂದು ನಿಂತ. ಎಣ್ಣೆಯ ಮೇಲೆ ತಂತಿ ನಿಲ್ಲುವುದಿಲ್ಲ.

"ಎಣ್ಣೆ ಯಾಕ್ ಹಚ್ಚಿದೆ ಮಾವ?"

"ದೊಡ್ಡೋರ ಜಾಗ. ಸಾವಿನ ಮನೆಯೋನ ಥರ ಒಣ ತಲೇಲಿ ಬರ್ಲಾ?"

ಎಣ್ಣೆ ತೆಗೆಯುವ ಸ್ಪಿರಿಟ್ ಬಾಟಲಿ ನನ್ನ ಜೋಡಿಯ ಕೈಯಲ್ಲೇ ಇತ್ತು. "ಖಾಲಿ," ಎಂದಳು. ಅರ್ಧ ತುಂಬಿದ್ದು ಬಾಟಲಿಯ ಗಾಜಿನಲ್ಲೇ ಕಾಣುತ್ತಿತ್ತು. ಹಿತ್ತಲಿನ ನಲ್ಲಿಯ ಕೆಳಗೆ ಮಾವನನ್ನು ಕುಕ್ಕರಗಾಲಲ್ಲಿ ಕೂರಿಸಿ, ಕಾವಲುಗಾರನ ಬಟ್ಟೆಸೋಪಿನಿಂದ ತಿಕ್ಕಿದೆ. ಕಿಟಕಿಯಲ್ಲಿ ತರಗತಿಯೇ ನೆರೆದಿತ್ತು. "ಎಮ್ಮೆ ತೊಳೀತಿದಾಳೆ ನೋಡ್ರೋ," ಎಂದ ಒಬ್ಬ. ಮಾವ ಕತ್ತೆತ್ತಲಿಲ್ಲ.

ಒಳಗೆ, ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಅವನ ನೆತ್ತಿ ನೋಡಿದರು. ಮೂಟೆ ಕೂತು ಕೂತು ಅಲ್ಲಿ ಕೂದಲು ಸವೆದಿತ್ತು.

"ಮೂಟೆ ಹೊರೋ ತಲೆ. ಒಳಗೇನಾದ್ರೂ ಇದ್ಯೇನಪ್ಪಾ?"

"ನೋಡಿ ಹೇಳಿ ಸ್ವಾಮಿ. ನಾನೂ ನೋಡಿಲ್ಲ."

ತಂತಿಗಳು ಹಿಡಿದವು. ಯಂತ್ರ ಹಾಕಿದೆ. ಪೆನ್ನುಗಳು ಹುಚ್ಚೆದ್ದು ಕುಣಿದವು. ಸೋಪು ಕಣ್ಣಿಗಿಳಿದು ಮಾವನ ರೆಪ್ಪೆ ಪಟಪಟ ಬಡಿಯುತ್ತಿತ್ತು. ರೆಪ್ಪೆ ಬಡಿದರೂ ಯಂತ್ರ ಅದು ಮೆದುಳಿನದ್ದೇ ಎನ್ನುವ ಹಾಗೆ ಬರೆಯುತ್ತದೆ.

"ಇದು ಮೆದುಳಾ?" ಎಂದರು ಪರೀಕ್ಷಕರು, ಗಡಿಯಾರ ನೋಡುತ್ತ.

"ಅಲ್ಲ ಸರ್, ಕಣ್ಣು." ಹತ್ತಿ ಒದ್ದೆ ಮಾಡಿ ಅವನ ರೆಪ್ಪೆಗಳ ಮೇಲಿಟ್ಟು, ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದೆ. "ಮಾವ, ಮಲಗ್ಬೇಡ. ಸುಮ್ನೆ ಇರು." ಹಣೆಯ ಕಡೆಯ ಪೆನ್ನುಗಳು ತಣ್ಣಗಾದವು. ಹಿಂದಲೆಯ ಪೆನ್ನಿನಲ್ಲಿ ಅಲೆ ಎದ್ದಿತು, ಸಮನಾಗಿ, ಒಂದರ ಹಿಂದೊಂದು. ಹತ್ತಿ ತೆಗೆದು ಕಣ್ಣು ಬಿಡಿಸಿದೆ. ಅಲೆ ಮಾಯ. ಮತ್ತೆ ಮುಚ್ಚಿಸಿದೆ. ಮತ್ತೆ ಬಂತು.

ಪರೀಕ್ಷಕರು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಸಹಿ ಹಾಕಿದರು. ಮಾವ ಎದ್ದು ಹೋದ ಮೇಲೆ ಜವಾನನನ್ನು ಕರೆದು ಆ ಕುರ್ಚಿ ಒರೆಸಿಸಿದರು.

ಅಂದೇ ಸಂಜೆ ಸರ್ಟಿಫಿಕೇಟನ್ನು ಉಳಿದವರಿಗೆ ಕೈಕುಲುಕಿ ಕೊಟ್ಟರು. ನನ್ನ ಸರದಿ ಬಂದಾಗ ಮೇಷ್ಟರು ಅದನ್ನು ತುದಿಯಲ್ಲಿ ಹಿಡಿದು ಚಾಚಿದರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ನನ್ನದು ಅದು, ದುಡಿದು ಪಡೆದದ್ದು.

ಗೇಟಿನ ಹೊರಗೆ ಕಾದಿದ್ದ ಮಾವ ಅದನ್ನು ಹಿಡಿದು ಬಹಳ ಹೊತ್ತು ನೋಡಿದ. ಓದು ಬಾರದವನು.

"ಇನ್ಮೇಲೆ ಕಾಯ್ಲೆ ಬಿದ್ದೋರ ತಲೆ ತಾನೇ ಅಮ್ಮಿ? ನರಳೋವಾಗ ಯಾರೂ ಜಾತಿ ಕೇಳಲ್ಲ. ಸ್ವಲ್ಪ ವಾಸಿಯಾದ್ರೆ ಕೇಳ್ತಾರೆ. ಅಷ್ಟರೊಳಗೆ ತಂತಿ ಬಿಚ್ಕೊಂಡು ಬಂದ್ಬಿಡು."